ಮಹಡಿ ಮೇಲಿಂದ ಒಂದು ನಿಹಾರಿಕೆ

ಜನವರಿಯ ರಾತ್ರಿ ಎಂಟು ಗಂಟೆಗೆ ಪೂರ್ವದ ಕಡೆ ನೋಡಿ. ಒಂದೇ ಸಾಲಲ್ಲಿ ಮೂರು ನಕ್ಷತ್ರ ಕಾಣುತ್ತವಲ್ಲ, ಅದೇ ಮಹಾವ್ಯಾಧನ ನಡುಪಟ್ಟಿ. ಅದರ ಪಕ್ಕದ ಕತ್ತಿಯಲ್ಲಿ ಒಂದು ಚುಕ್ಕಿ ಮಾತ್ರ ಮಸುಕು ಮಸುಕು. ಅದು ಎಂ42, ಅಂದರೆ ಒರೈಯನ್ ನಿಹಾರಿಕೆ. ಸುಮಾರು 1,350 ಜ್ಯೋತಿರ್ವರ್ಷ ದೂರದಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಿರುವ ಅನಿಲದ ಮೋಡ.

ಅದರ ಫೋಟೋ ತೆಗೆಯೋಣ ಅಂತ ನಾವು ನಾಲ್ವರು ಹೊರಟೆವು. ನಮ್ಮ ಹತ್ತಿರ ಇದ್ದದ್ದು 130 ಮಿ.ಮೀ. ಕನ್ನಡಿಯ, 650 ಮಿ.ಮೀ. ನಾಭಿದೂರದ ಟೆಲಿಸ್ಕೋಪು. ಡಿಎಸ್‌ಎಲ್‌ಆರ್ ಕ್ಯಾಮೆರಾ ಸೀನಿಯರ್ ಒಬ್ಬರದು, ಭಾನುವಾರ ವಾಪಸ್ ಕೊಡಬೇಕು. ಸಿಕ್ಕಿದ್ದು ಮೂರೇ ರಾತ್ರಿ.

ಮೊದಲ ರಾತ್ರಿ ಮೋಟಾರ್ ಹಾಕದೆ 20 ಸೆಕೆಂಡು ಎಕ್ಸ್‌ಪೋಶರ್ ಕೊಟ್ಟೆವು. ಬಂದದ್ದು ಬರೀ ಗೆರೆಗಳು! ಭೂಮಿ ತಿರುಗುವುದರಿಂದ ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ. ಲೆಕ್ಕ ಹಾಕಿದರೆ 20 ಸೆಕೆಂಡಿಗೆ ಚಂದ್ರಬಿಂಬದ ಆರನೇ ಒಂದು ಭಾಗ. ಅಷ್ಟು ಉದ್ದಕ್ಕೂ ನಕ್ಷತ್ರ ಎಳೆದುಹೋಗಿತ್ತು.

ಎರಡನೇ ರಾತ್ರಿ ಮೋಟಾರ್ ಹಾಕಿದೆವು. ಆದರೂ ನಕ್ಷತ್ರಗಳು ದುಂಡಗೆ ಬರ್ಲಿಲ್ಲ. ಮೋಟಾರ್ ತಿರುಗುವ ಅಕ್ಷ ಭೂಮಿಯ ಅಕ್ಷಕ್ಕೆ ಸಮಾಂತರವಾಗಿ ಇರಬೇಕು, ಅದಕ್ಕೆ ಧ್ರುವ ನಕ್ಷತ್ರ ಕಾಣಬೇಕು. ಬೆಂಗಳೂರಿನಲ್ಲಿ ಅದು ದಿಗಂತದಿಂದ 13 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತೆ. ನಮಗೋ, ಪಕ್ಕದ ಮನೆಯ ನೀರಿನ ಟ್ಯಾಂಕ್ ಅಡ್ಡ! ಎಲ್ಲವನ್ನೂ ಮಹಡಿಯ ಇನ್ನೊಂದು ಮೂಲೆಗೆ ಹೊತ್ತು ಸರಿಮಾಡುವಷ್ಟರಲ್ಲಿ ಮೋಡ ಕವಿಯಿತು.

ಉಳಿದದ್ದು ಶನಿವಾರ ಒಂದೇ. ಅವತ್ತು 30 ಸೆಕೆಂಡಿನ 120 ಫೋಟೋ ತೆಗೆದು, ಅಲುಗಾಡಿದ್ದನ್ನು ಬಿಸಾಕಿ 84 ಉಳಿಸಿಕೊಂಡೆವು. ಒಂದೇ ಉದ್ದನೆಯ ಫೋಟೋ ಯಾಕಲ್ಲ ಅಂದರೆ, ಊರಿನ ಬೆಳಕಿಗೆ ಚಿತ್ರ ಬೆಳ್ಳಗಾಗಿಬಿಡುತ್ತದೆ. ಬಿಡಿ ಫೋಟೋಗಳನ್ನು ಒಂದರ ಮೇಲೊಂದು ಜೋಡಿಸಿ ಸರಾಸರಿ ತೆಗೆದರೆ ನಿಹಾರಿಕೆ ಎಲ್ಲದರಲ್ಲೂ ಒಂದೇ ಕಡೆ ಇರುವುದರಿಂದ ಉಳಿಯುತ್ತದೆ, ಗೊತ್ತುಗುರಿಯಿಲ್ಲದ ನಾಯ್ಸ್ ತಗ್ಗುತ್ತದೆ. ಎಷ್ಟು? ಫೋಟೋ ಸಂಖ್ಯೆಯ ವರ್ಗಮೂಲದಷ್ಟು. 84ಕ್ಕೆ ಸುಮಾರು 9 ಪಟ್ಟು. ಈ ಕೆಲಸಕ್ಕೆ 'ಸಿರಿಲ್' ಎಂಬ ಉಚಿತ ತಂತ್ರಾಂಶ ಸಾಕು.

ಇನ್ನೆರಡು ಕೆಲಸ ಮರೀಬೇಡಿ. ಮುಚ್ಚಳ ಹಾಕಿ ಅಷ್ಟೇ ಎಕ್ಸ್‌ಪೋಶರಿನ ಕೆಲವು 'ಡಾರ್ಕ್' ಫೋಟೋ ತೆಗೆಯಿರಿ, ಸೆನ್ಸರಿನ ಸ್ವಂತ ದೋಷ ಕಳೆಯಬಹುದು. ಬೆಳಗಿನ ಜಾವ ಟೆಲಿಸ್ಕೋಪಿನ ಬಾಯಿಗೆ ಬಿಳಿ ಪಂಚೆ ಕಟ್ಟಿ 'ಫ್ಲಾಟ್' ತೆಗೆಯಿರಿ, ಧೂಳಿನ ಕಲೆ ಹೋಗುತ್ತದೆ.

ನಮ್ಮ ಚಿತ್ರದಲ್ಲಿ ಕೆಂಪು ಕಡಿಮೆ. ಹೈಡ್ರೋಜನ್ ಸೂಸುವ 656 ನ್ಯಾನೋಮೀಟರಿನ ಕೆಂಪನ್ನು ಸಾಮಾನ್ಯ ಕ್ಯಾಮೆರಾದ ಫಿಲ್ಟರ್ ಬಹುಪಾಲು ತಡೆಯುತ್ತದೆ. ನಡುಭಾಗ ಬೆಂದುಹೋದ ಹಾಗೆ ಬೆಳ್ಳಗಿದೆ. ಆದರೂ ರೆಕ್ಕೆ ಬಿಚ್ಚಿದ ಹಾಗಿರುವ ಆ ಮೋಡ ಲ್ಯಾಪ್‌ಟಾಪಿನಲ್ಲಿ ಮೂಡಿದಾಗ ನಾವ್ಯಾರೂ ಮಾತಾಡಲಿಲ್ಲ.

1883ರಲ್ಲಿ ಇದೇ ನಿಹಾರಿಕೆಯಲ್ಲಿ ಕಣ್ಣಿಗೆ ಕಾಣದ ನಕ್ಷತ್ರಗಳನ್ನೂ ಫೋಟೋದಲ್ಲಿ ಹಿಡಿದವನು ಆಂಡ್ರೂ ಕಾಮನ್. ಲಂಡನ್ ಹತ್ತಿರದ ಈಲಿಂಗಿನಲ್ಲಿ, ತನ್ನ ಮನೆಯಂಗಳದಲ್ಲಿ. ವೃತ್ತಿಯಲ್ಲಿ ಅವನೂ ಇಂಜಿನಿಯರೇ, ಒಳಚರಂಡಿ ಕೆಲಸದವನು.

ಕ್ಯಾಮೆರಾ ಭಾನುವಾರವೇ ವಾಪಸ್ ಕೊಟ್ಟೆವು. ಸೀನಿಯರ್ ಫೋಟೋ ನೋಡಿ, "ಮುಂದಿನ ಶನಿವಾರ ನಾನೂ ಬರ್ತೀನಿ" ಅಂದರು. ನೀವೂ ಬನ್ನಿ, ಸ್ವೆಟರ್ ಮರೀಬೇಡಿ.