ಕ್ರೈಸ್ತ ಆರಾಧನೆಗೆ ಒಪ್ಪುವ ಸಂಗೀತ

ಇಗರ್ಜಿಯಲ್ಲಿ ಆರ್ಗನ್ ನುಡಿದರೆ ಸಹಜವೆನ್ನುವವರಲ್ಲಿ ಕೆಲವರು ಮೃದಂಗ ನುಡಿದರೆ ಹುಬ್ಬು ಗಂಟಿಕ್ಕುತ್ತಾರೆ. ಈ ಭೇದಕ್ಕೆ ಆಧಾರವುಂಟೆ? ಚರಿತ್ರೆಯನ್ನು ನೋಡಿದರೆ ಇಲ್ಲವೆಂದೇ ನನಗೆ ತೋರುತ್ತದೆ.

ರಷ್ಯದ ಆರ್ಥೊಡಾಕ್ಸ್ ಸಭೆಯು ಆರಾಧನೆಯಲ್ಲಿ ಮನುಷ್ಯಕಂಠವೊಂದನ್ನೇ ಬಳಸುತ್ತದೆ. ಇಥಿಯೋಪಿಯದ ಪುರಾತನ ಸಭೆಯಲ್ಲಾದರೋ ಸ್ತೋತ್ರದೊಡನೆ ದೊಡ್ಡ ಡೋಲು ಮೊಳಗುತ್ತದೆ. ಜ್ಯೂರಿಕ್ಕಿನ ಸುಧಾರಕ ಜ್ವಿಂಗ್ಲಿ ಸ್ವತಃ ಸಂಗೀತಗಾರನಾಗಿದ್ದೂ ಆರಾಧನೆಯಿಂದ ಸಂಗೀತವನ್ನೇ ದೂರವಿಟ್ಟನು. ಅವನ ಸಮಕಾಲೀನನಾದ ಲೂಥರನು 1524ರಲ್ಲಿ ಜರ್ಮನ್ ಗೀತೆಗಳನ್ನು ಅಚ್ಚು ಹಾಕಿಸಿ ಜನರ ಬಾಯಲ್ಲಿಟ್ಟನು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಗ್ರೆಗೋರಿಯನ್ ಗಾನಕ್ಕೂ ಆರ್ಗನ್ನಿಗೂ ವಿಶೇಷ ಮನ್ನಣೆಯಿತ್ತರೂ, ಆಯಾ ನಾಡಿನ ಸಂಗೀತಕ್ಕೂ ಆರಾಧನೆಗೆ ಯೋಗ್ಯವಾದ ಇತರ ವಾದ್ಯಗಳಿಗೂ ಅವಕಾಶ ಕೊಟ್ಟಿತು. ನಮ್ಮ ಕಿಟ್ಟೆಲರಾದರೋ ಅದಕ್ಕೂ ನೂರು ವರ್ಷ ಮುಂಚೆಯೇ, 1862ರಲ್ಲಿ, 'ಕಥಾಮಾಲೆ'ಯಲ್ಲಿ ಯೇಸುವಿನ ಚರಿತೆಯನ್ನು ಕನ್ನಡದ ಛಂದಸ್ಸಿಗೆ ಒಗ್ಗಿಸಿದ್ದರು.

ಹಾಗಾದರೆ ಏನು ಹಾಡಿದರೂ ಸಲ್ಲುವುದೆ? ಹಾಗಲ್ಲ. ಮೂರು ಮಾತುಗಳನ್ನು ವಿಚಾರಿಸಬೇಕು. ವಾದ್ಯದ ಅಬ್ಬರದಲ್ಲಿ ಪ್ರಾರ್ಥನೆಯ ನುಡಿ ಮುಳುಗಬಾರದು. ಗಾಯಕನ ಚಮತ್ಕಾರಕ್ಕೆ ಚಪ್ಪಾಳೆ ತಟ್ಟಬೇಕೆನ್ನಿಸಿದರೆ ಅದು ಕಚೇರಿ, ಆರಾಧನೆಯಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ನೆರೆದವರು ದನಿಗೂಡಿಸುವಂತಿರಬೇಕು. ಇಂಗ್ಲಿಷ್ ಬಾರದ ಮುದುಕಿಯನ್ನು ಆರಾಧನೆಯುದ್ದಕ್ಕೂ ಮೂಕಳಾಗಿ ನಿಲ್ಲಿಸುವ ಗೀತೆ ಎಷ್ಟು ಇಂಪಾಗಿದ್ದರೇನು? ಅವಳಿಗೆ ಬರುವ ಮಾತಿನಲ್ಲಿ, ಅವಳ ಕಿವಿಗೆ ಪರಿಚಿತವಾದ ಮಟ್ಟಿನಲ್ಲಿ ಹಾಡು ಎದ್ದರೆ ಅವಳೂ ಹಾಡುತ್ತಾಳೆ. ಅದು ಆರ್ಗನ್ನಿನೊಡನೆ ಎದ್ದರೂ ಸರಿ, ಮೃದಂಗದೊಡನೆ ಎದ್ದರೂ ಸರಿ; ಆರಾಧನೆಗೆ ಒಪ್ಪುವ ಸಂಗೀತ ಅದೇ ಎಂದು ನನ್ನ ಎಣಿಕೆ.