ಪ್ರಾರ್ಥನೆಗೆ ಕೂತರೆ ಮಾತೇ ಬರುತ್ತಿಲ್ಲ: ಬತ್ತಿಹೋದ ಮನಸ್ಸಿಗೆ ಬೈಬಲ್ ಏನು ಹೇಳುತ್ತೆ?

ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ ಇಲ್ಲಿದೆ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇವೆ.



ಕಳೆದ ವಾರ ನಮಗೊಂದು ವಾಯ್ಸ್ ಮೆಸೇಜ್ ಬಂತು. ಕಳಿಸಿದವರು ಹೆಸರು ಹೇಳಬೇಡಿ ಅಂದಿದ್ದಾರೆ. ಗದಗ ಕಡೆಯವರು, ಬೆಂಗಳೂರಲ್ಲಿ ಕೆಲಸ, ನೈಟ್ ಶಿಫ್ಟ್. ಭಾನುವಾರ ಚರ್ಚ್‌ನಲ್ಲಿ ಮುಂದೆ ನಿಂತು ಹಾಡು ನಡೆಸೋದು ಇವರೇ. ಅವರು ಹೇಳಿದ್ದಿಷ್ಟು: ಐದಾರು ತಿಂಗಳಿಂದ ಪ್ರಾರ್ಥನೆಗೆ ಕೂತರೆ ಒಳಗೆ ಏನೂ ಇಲ್ಲ. ಬೈಬಲ್ ತೆಗೆದರೆ ಅಕ್ಷರ ಕಾಣುತ್ತೆ, ಅಷ್ಟೇ. ಎಲ್ಲರೂ ಕಣ್ಣು ಮುಚ್ಚಿ ಹಾಡುವಾಗ ನಾನು ಮುಂದಿನ ಪಲ್ಲವಿ ಯಾವಾಗ ಎತ್ತಬೇಕು ಅಂತ ಲೆಕ್ಕ ಹಾಕ್ತಿರ್ತೀನಿ. ಊರಿಂದ ಅವ್ವ ಫೋನ್ ಮಾಡಿ "ಪ್ರಾರ್ಥನೆ ಮಾಡ್ತಿದ್ದೀಯಲ್ಲಮ್ಮ?" ಅಂತ ಕೇಳಿದಾಗ "ಹ್ಞೂಂ ಅವ್ವ" ಅಂತ ಸುಳ್ಳು ಹೇಳ್ತೀನಿ. ನನ್ನ ವಿಶ್ವಾಸ ಸತ್ತುಹೋಯ್ತಾ?

ಇವತ್ತಿನ ಸಂಚಿಕೆ ಈ ಪ್ರಶ್ನೆ ಬಗ್ಗೆ. ನಾನು ಪಾದ್ರಿ ಅಲ್ಲ, ಡಾಕ್ಟರೂ ಅಲ್ಲ. ಆದರೆ ಈ ಪ್ರಶ್ನೆ ಹೊಸದಲ್ಲ, ಬಹಳ ಹಳೆಯದು. ಕ್ರೈಸ್ತ ಸಂಪ್ರದಾಯದಲ್ಲಿ ಇದಕ್ಕೆ ಸಿಕ್ಕಿರುವ ಉತ್ತರ ನಾವು ಅಂದುಕೊಂಡ ಹಾಗಿಲ್ಲ. "ಇನ್ನೂ ಜೋರಾಗಿ ಪ್ರಾರ್ಥನೆ ಮಾಡು, ನಿನ್ನ ವಿಶ್ವಾಸ ಕಮ್ಮಿ" ಅಂತ ಬೈಯುವವರು ಇವತ್ತೂ ಇದ್ದಾರೆ. ಬೈಬಲ್ ಮಾತ್ರ ಶುರು ಮಾಡುವುದು ಬೇರೆ ಕಡೆಯಿಂದ.

ಮೊದಲು ರೊಟ್ಟಿ, ಆಮೇಲೆ ಮಾತು

ಹಳೆ ಒಡಂಬಡಿಕೆಯಲ್ಲಿ ಒಂದನೇ ಅರಸುಗಳು ಪುಸ್ತಕದ 19ನೇ ಅಧ್ಯಾಯ ತೆಗೆಯಿರಿ. ಅಲ್ಲಿ ಎಲೀಯ ಅನ್ನೋ ಪ್ರವಾದಿಯ ಕಥೆ ಇದೆ. ಹಿಂದಿನ ಅಧ್ಯಾಯದಲ್ಲಷ್ಟೇ ಕರ್ಮೆಲ್ ಬೆಟ್ಟದ ಮೇಲೆ ದೊಡ್ಡ ಗೆಲುವು ಆಗಿದೆ, ಬರ ಮುಗಿದು ಮಳೆ ಬಂದಿದೆ. ಅಷ್ಟರಲ್ಲಿ ರಾಣಿ ಈಜೆಬೆಲಳಿಂದ ಕೊಲೆ ಬೆದರಿಕೆ ಬರುತ್ತೆ. ಎಲೀಯ ಓಡುತ್ತಾನೆ. ಬೇರ್ಷೆಬಕ್ಕೆ ಬಂದು ಜೊತೆಗಿದ್ದ ಸೇವಕನನ್ನು ಅಲ್ಲೇ ಬಿಟ್ಟು, ಒಬ್ಬನೇ ಒಂದು ದಿನದ ದಾರಿ ಮರುಭೂಮಿಯೊಳಗೆ ನಡೆಯುತ್ತಾನೆ. ಒಂದು ಗಿಡದ ಕೆಳಗೆ ಕೂತು, ಸಾಕಾಯ್ತು, ನನ್ನ ಜೀವ ತೆಗೆದುಬಿಡು ಅಂತ ದೇವರನ್ನು ಕೇಳಿಕೊಂಡು ಮಲಗಿಬಿಡುತ್ತಾನೆ.

ಈಗ ದೇವರು ಏನು ಮಾಡ್ತಾರೆ? ಬುದ್ಧಿ ಹೇಳಲ್ಲ. "ನಿನ್ನೆ ಅಷ್ಟು ದೊಡ್ಡ ಅದ್ಭುತ ನೋಡಿದವನು ಇವತ್ತು ಹೀಗೆ ಮಾತಾಡ್ತೀಯಾ" ಅಂತ ಕೇಳಲ್ಲ. ಒಬ್ಬ ದೇವದೂತ ಬಂದು ಮುಟ್ಟಿ ಎಬ್ಬಿಸುತ್ತಾನೆ, ಎದ್ದು ತಿನ್ನು ಅನ್ನುತ್ತಾನೆ. ಎಲೀಯನ ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಕುಡಿದು ಎಲೀಯ ಮತ್ತೆ ಮಲಗುತ್ತಾನೆ. ದೂತ ಮಲಗಲು ಬಿಡುತ್ತಾನೆ. ಎರಡನೇ ಸಲ ಎಬ್ಬಿಸಿದಾಗಲೂ ಊಟವೇ. ಕಾರಣವನ್ನೂ ಹೇಳುತ್ತಾನೆ: ಮುಂದಿನ ದಾರಿ ನಿನ್ನ ಶಕ್ತಿಗೆ ಮೀರಿದ್ದು.

ಗಮನಿಸಿ, ಎರಡು ಊಟ, ಎರಡು ನಿದ್ದೆ, ಆಮೇಲೆ 40 ದಿನದ ನಡಿಗೆ. ಇದೆಲ್ಲ ಆಗಿ ಹೋರೇಬ್ ಬೆಟ್ಟದ ಗುಹೆ ಸೇರಿದ ಮೇಲೆ, ಇಲ್ಲಿ ಏನು ಮಾಡ್ತಿದ್ದೀಯ ಅನ್ನೋ ಪ್ರಶ್ನೆ ಬರುತ್ತೆ. ಆಮೇಲೆ ಬಿರುಗಾಳಿ, ಭೂಕಂಪ, ಬೆಂಕಿ. ದೇವರು ಆ ಮೂರರಲ್ಲೂ ಇರಲಿಲ್ಲ ಅಂತ ಬರೆದಿದೆ. ಕೊನೆಗೆ ಬಂದದ್ದು ಬಹಳ ಮೆಲ್ಲನೆಯ ಒಂದು ದನಿ. ನಾನೊಬ್ಬನೇ ಉಳಿದಿದ್ದೇನೆ ಅಂತ ಎಲೀಯ ಎರಡು ಸಲ ದೂರುತ್ತಾನೆ. ದೇವರ ಲೆಕ್ಕ ಬೇರೆ: ಇನ್ನೂ 7,000 ಜನ ಇದ್ದಾರೆ. ಜೊತೆಗೆ ಎಲೀಷ ಅನ್ನೋ ಒಬ್ಬ ಸಂಗಾತಿಯನ್ನೂ ತೋರಿಸುತ್ತಾರೆ.

ನೈಟ್ ಶಿಫ್ಟ್ ಮಾಡಿ ಬೆಳಗ್ಗೆ ಎಂಟಕ್ಕೆ ಪಿಜಿಗೆ ಬಂದು, ತಿಂಡಿ ಬಿಟ್ಟು, ನಾಲ್ಕು ಗಂಟೆ ಮಲಗಿ, ಭಾನುವಾರವೂ ಆರಾಮ ಇಲ್ಲದೆ ಹಾಡಿಸುವ ನಮ್ಮ ಕೇಳುಗರಿಗೆ ನಾನು ಮೊದಲು ಕೇಳಬೇಕಾದ್ದು ಇದೇ: ಸರಿಯಾಗಿ ಊಟ ಮಾಡಿ ಎಷ್ಟು ದಿನ ಆಯ್ತು? ಇದು ವಿಶ್ವಾಸದ ವಿಷಯವನ್ನು ಬದಿಗಿಟ್ಟು ಕೇಳುವ ಪ್ರಶ್ನೆ ಅಲ್ಲ. ಈ ಕಥೆಯಲ್ಲಿ ದೇವರ ಮೊದಲ ಉತ್ತರವೇ ಬಿಸಿ ರೊಟ್ಟಿ.

ಮಧ್ಯಾಹ್ನದ ಬೇಸರ

ಎಲೀಯ ಹೆದರಿಕೆಯಿಂದ ಓಡಿ ದಣಿದಿದ್ದ. ಆದರೆ ಕೆಲವರಿಗೆ ಯಾವ ದೊಡ್ಡ ಕಾರಣವೂ ಇಲ್ಲದೆ ಬೇಸರ ಹತ್ತುತ್ತೆ. ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ಸನ್ಯಾಸಿಗಳ ಗುಂಪುಗಳಿದ್ದವು. ಅವರಲ್ಲಿ ಇವಾಗ್ರಿಯಸ್ ಅನ್ನೋ ಒಬ್ಬರು, 399ರಲ್ಲಿ ತೀರಿಕೊಂಡವರು, ಈ ಸ್ಥಿತಿಯನ್ನು ಕಣ್ಣಿಗೆ ಕಟ್ಟುವಂತೆ ವಿವರಿಸಿದ್ದಾರೆ. ಗ್ರೀಕಿನಲ್ಲಿ ಅದಕ್ಕೆ ಅಕೇಡಿಯಾ ಅಂತ ಹೆಸರು. ಮಧ್ಯಾಹ್ನದ ಹೊತ್ತು. ಸೂರ್ಯ ಕದಲುತ್ತಿಲ್ಲ ಅನಿಸುತ್ತೆ. ಸನ್ಯಾಸಿ ಪದೇ ಪದೇ ಕಿಟಕಿಯತ್ತ ನೋಡುತ್ತಾನೆ, ಯಾರಾದರೂ ಬರ್ತಾರಾ ಅಂತ. ಇರುವ ಜಾಗ ಬೇಡ, ಮಾಡುವ ಕೆಲಸ ಬೇಡ, ಜೊತೆಗಿರುವವರಿಗೆ ಪ್ರೀತಿಯೇ ಇಲ್ಲ ಅನಿಸುತ್ತೆ. ಇವತ್ತಿಗೆ ಕಿಟಕಿ ಬದಲು ಮೊಬೈಲ್ ಇದೆ, ಅಷ್ಟೇ ವ್ಯತ್ಯಾಸ. ಪ್ರಾರ್ಥನೆಗೆ ಕೂತು ಎರಡು ನಿಮಿಷಕ್ಕೆ ಕೈ ಫೋನಿನ ಕಡೆ ಹೋಗೋದು ನಿಮಗೊಬ್ಬರಿಗೇ ಅಲ್ಲ.

ಆ ಮರುಭೂಮಿಯವರು ಕೊಟ್ಟ ಪರಿಹಾರವೂ ಸರಳ. ಸಂತ ಅಂತೋಣಿಯವರ ಬಗ್ಗೆ ಒಂದು ಹಳೆಯ ಕಥೆ ಇದೆ. ಈ ಬೇಸರದಲ್ಲಿ ಸಿಕ್ಕಿಬಿದ್ದ ಅವರಿಗೆ ತನ್ನ ಹಾಗೇ ಇರುವ ಒಬ್ಬ ಮನುಷ್ಯ ಕಾಣಿಸುತ್ತಾನೆ. ಅವನು ಸ್ವಲ್ಪ ಹೊತ್ತು ಕೂತು ಹಗ್ಗ ಹೊಸೆಯುತ್ತಾನೆ, ಎದ್ದು ಪ್ರಾರ್ಥನೆ ಮಾಡುತ್ತಾನೆ, ಮತ್ತೆ ಕೂತು ಹೊಸೆಯುತ್ತಾನೆ. ಹೀಗೇ ಮಾಡು, ಉಳಿಯುತ್ತೀಯ ಅನ್ನೋದೇ ಅಂತೋಣಿಗೆ ಸಿಕ್ಕ ಉತ್ತರ. ಅಂದರೆ ಒಂದು ಗಂಟೆಯ ಪ್ರಾರ್ಥನೆ ಆಗುತ್ತಿಲ್ಲವೇ? ಪಾತ್ರೆ ತೊಳೆಯಿರಿ, ಒಂದು ನಿಮಿಷ ಪ್ರಾರ್ಥಿಸಿ, ಬಟ್ಟೆ ಮಡಚಿ, ಇನ್ನೊಂದು ನಿಮಿಷ ಪ್ರಾರ್ಥಿಸಿ.

ಸಾಲ ತಂದ ಮಾತು

ಆ ಒಂದು ನಿಮಿಷಕ್ಕೂ ಮಾತು ಬರದಿದ್ದರೆ? ಅದಕ್ಕೇ ಕೀರ್ತನೆಗಳ ಪುಸ್ತಕ ಇರೋದು. 150 ಕೀರ್ತನೆಗಳಿವೆ. ನಾವು ಸ್ಟೇಟಸ್ ಹಾಕೋದು ಸ್ತುತಿಯ ಸಾಲುಗಳನ್ನು ಮಾತ್ರ. ಆದರೆ ಆ ಪುಸ್ತಕದಲ್ಲಿ ಸುಮಾರು ಮೂರನೇ ಒಂದು ಭಾಗ ಗೋಳು, ದೂರು, ಜಗಳ. 13ನೇ ಕೀರ್ತನೆ ಬಹಳ ಚಿಕ್ಕದು, ಅದರ ಶುರುವಿನಲ್ಲೇ ಇದೆಲ್ಲ ಇನ್ನೆಷ್ಟು ದಿನ ಅಂತ ದೇವರನ್ನು ನಾಲ್ಕು ಸಲ ಕೇಳಿದ್ದಾರೆ. 88ನೇ ಕೀರ್ತನೆಗೆ ಸಮಾಧಾನದ ಕೊನೆಯೇ ಇಲ್ಲ. ಹೀಬ್ರೂ ಮೂಲದಲ್ಲಿ ಅದರ ಕಟ್ಟಕಡೆಯ ಪದ ಕತ್ತಲೆ. ಅದನ್ನು ತಿದ್ದದೆ, ತೆಗೆಯದೆ ಹಾಗೇ ಬೈಬಲ್‌ನಲ್ಲಿ ಉಳಿಸಿಕೊಂಡಿದ್ದಾರೆ. ದೇವರ ಮುಂದೆ ಕತ್ತಲೆ ಅಂತ ಹೇಳಿ ಮಾತು ಮುಗಿಸಿದರೂ ಅದು ಪ್ರಾರ್ಥನೆಯೇ.

ಯೇಸು ಶಿಲುಬೆಯ ಮೇಲಿದ್ದಾಗ ಕೂಗಿದ ಮಾತೂ 22ನೇ ಕೀರ್ತನೆಯ ಮೊದಲ ಸಾಲು. ಅತಿ ನೋವಿನ ಹೊತ್ತಲ್ಲಿ ಅವರು ಹೊಸ ಮಾತು ಹುಡುಕಲಿಲ್ಲ, ತಮ್ಮ ಜನರ ಹಳೆಯ ಪ್ರಾರ್ಥನೆಯನ್ನೇ ಬಾಯಿಗೆ ತಂದುಕೊಂಡರು. ಐದನೇ ಶತಮಾನದ ಯೋಹಾನ್ ಕಾಸಿಯನ್ ಅನ್ನೋ ಸನ್ಯಾಸಿ, 70ನೇ ಕೀರ್ತನೆಯ ಮೊದಲ ವಾಕ್ಯ ಒಂದನ್ನೇ ದಿನವಿಡೀ ಹೇಳಿಕೊಳ್ಳಿ ಅಂತ ಕಲಿಸಿದರು. ಬೇಗ ಬಂದು ಸಹಾಯ ಮಾಡು ಅಂತ ಕೇಳುವ ವಾಕ್ಯ ಅದು. ಕ್ಯಾಬ್‌ನಲ್ಲಿ ಕೂತಾಗ, ಲಿಫ್ಟ್‌ನಲ್ಲಿ ನಿಂತಾಗ ಹೇಳಿಕೊಳ್ಳೋಕೆ ಅಷ್ಟು ಸಾಕು.

ಮದರ್ ತೆರೇಸಾ ಬರೆದ ಪತ್ರಗಳು

"ಇದೆಲ್ಲ ಸರಿ, ಆದರೆ ಏನೂ ಅನಿಸುತ್ತಿಲ್ಲವಲ್ಲ, ಹಾಗಾದರೆ ನಾನು ಮಾಡ್ತಿರೋದು ನಾಟಕ ಅಲ್ವಾ?" ಇದು ನಮ್ಮ ಕೇಳುಗರ ನಿಜವಾದ ಭಯ. ಇದಕ್ಕೆ ಕೋಲ್ಕತ್ತಾಗೆ ಹೋಗೋಣ.

ಮದರ್ ತೆರೇಸಾ 1950ರಲ್ಲಿ ಮಿಷನರೀಸ್ ಆಫ್ ಚಾರಿಟಿ ಸ್ಥಾಪಿಸಿದರು, 1979ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು, 1997ರಲ್ಲಿ ತೀರಿಕೊಂಡರು. ಅವರು ತಮ್ಮ ಆತ್ಮಿಕ ಮಾರ್ಗದರ್ಶಕರಿಗೆ ಬರೆದ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಜಗತ್ತಿಗೆ ಆಶ್ಚರ್ಯ. ಆ ಪತ್ರಗಳನ್ನು ಸುಟ್ಟುಬಿಡಿ ಅಂತ ಅವರೇ ಕೇಳಿಕೊಂಡಿದ್ದರು. ಸೇವೆ ಶುರುವಾದ ಹೊತ್ತಿನಿಂದ ಹೆಚ್ಚುಕಮ್ಮಿ 50 ವರ್ಷ ಅವರಿಗೆ ಪ್ರಾರ್ಥನೆಯಲ್ಲಿ ದೇವರ ಅನುಭವವೇ ಇರಲಿಲ್ಲ. 1958ರಲ್ಲಿ ಕೆಲವು ವಾರ ಮಾತ್ರ ಆ ಕತ್ತಲೆ ಸರಿಯಿತು, ಮತ್ತೆ ಬಂತು. ಹೊರಗೆ ನಗು, ಒಳಗೆ ಖಾಲಿ. ತಾನು ಮೋಸ ಮಾಡ್ತಿದ್ದೀನಾ ಅನ್ನೋ ಸಂಕಟ ಅವರಿಗೂ ಇತ್ತು.

1960ರ ದಶಕದ ಶುರುವಿನಲ್ಲಿ ಅವರು ಜೋಸೆಫ್ ನಾಯ್ನರ್ ಅನ್ನೋ ಜೆಸ್ಯೂಟ್ ಫಾದರ್ ಹತ್ತಿರ ಇದನ್ನು ಹೇಳಿಕೊಂಡರು. ಫಾದರ್ ಕೊಟ್ಟ ಉತ್ತರದ ಸಾರ ಹೀಗಿತ್ತು: ಇದಕ್ಕೆ ಮನುಷ್ಯರ ಕೈಯಲ್ಲಿ ಔಷಧಿ ಇಲ್ಲ, ಆದ್ದರಿಂದ ಇದು ನಿಮ್ಮ ತಪ್ಪು ಅಂದುಕೊಳ್ಳಬೇಡಿ. ಅನುಭವ ಆಗುವುದೊಂದೇ ದೇವರಿದ್ದಾರೆ ಅನ್ನೋದಕ್ಕೆ ಸಾಕ್ಷಿ ಅಲ್ಲ. ದೇವರು ಬೇಕು ಅನ್ನೋ ನಿಮ್ಮ ಹಂಬಲವೇ ಅವರು ನಿಮ್ಮೊಳಗೆ ಇರುವುದರ ಗುರುತು. ಕತ್ತಲೆ ಹೋಗಲಿಲ್ಲ. ಆದರೆ ಅದನ್ನು ಹೊತ್ತು ನಡೆಯುವ ರೀತಿ ಬದಲಾಯಿತು.

ನಮ್ಮ ಕೇಳುಗರೇ, ವಿಶ್ವಾಸ ಪೂರ್ತಿ ಸತ್ತಿದ್ದರೆ ನೀವು ಆ ಮೆಸೇಜ್ ಕಳಿಸುತ್ತಿರಲಿಲ್ಲ. ಅದರಲ್ಲಿ ನಿಮ್ಮ ಗಂಟಲು ಕಟ್ಟಿದ್ದು ನಮಗೆ ಕೇಳಿಸಿತು.

ಹಾಗಾದರೆ ಈ ವಾರ ಏನು ಮಾಡಬಹುದು?

ಒಂದು, ನಿದ್ದೆ ಮತ್ತು ಊಟ. ಇದಕ್ಕಾಗಿ ಒಂದು ಭಾನುವಾರ ಹಾಡಿಸುವ ಕೆಲಸ ಬೇರೆಯವರಿಗೆ ಕೊಟ್ಟು, ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರಿ. ಅದು ಸೋಲಲ್ಲ.

ಎರಡು, ಒಂದು ಕೀರ್ತನೆ ಆರಿಸಿಕೊಳ್ಳಿ. 13, 42, 88, ಯಾವುದಾದರೂ. ಅರ್ಥ ಹುಡುಕಬೇಡಿ, ಜೋರಾಗಿ ಓದಿ ಮುಚ್ಚಿಡಿ.

ಮೂರು, ಒಬ್ಬರಿಗೆ ನಿಜ ಹೇಳಿ. ಮಾರ್ಕನ ಸುವಾರ್ತೆಯ 2ನೇ ಅಧ್ಯಾಯದಲ್ಲಿ ನಡೆಯಲಾಗದ ಒಬ್ಬನನ್ನು ನಾಲ್ಕು ಜನ ಹೊತ್ತು ತಂದು, ಮಾಳಿಗೆ ಬಿಚ್ಚಿ ಯೇಸುವಿನ ಮುಂದೆ ಇಳಿಸುತ್ತಾರೆ. ಯೇಸು ಅವರ ನಂಬಿಕೆಯನ್ನು ನೋಡಿದರು ಅಂತ ಅಲ್ಲಿದೆ. ಮಲಗಿದ್ದವನು ಒಂದು ಮಾತೂ ಆಡಿರಲಿಲ್ಲ. ನಿಮಗೆ ಆಗದಿದ್ದಾಗ ಇನ್ನೊಬ್ಬರ ಪ್ರಾರ್ಥನೆ ನಿಮ್ಮನ್ನು ಹೊರುತ್ತೆ. ಬಹುಶಃ ಅವ್ವನಿಗೇ ಹೇಳಬಹುದು: "ಅವ್ವ, ನನ್ನ ಕೈಲಿ ಆಗ್ತಿಲ್ಲ, ಸದ್ಯಕ್ಕೆ ನನ್ನ ಪಾಲಿಂದೂ ನೀನೇ ಪ್ರಾರ್ಥನೆ ಮಾಡು."

ಇನ್ನೊಂದು ಮುಖ್ಯ ಮಾತು. ಪ್ರಾರ್ಥನೆಯೊಂದೇ ಅಲ್ಲ, ಯಾವುದರಲ್ಲೂ ಖುಷಿ ಇಲ್ಲ, ಎರಡು ವಾರಕ್ಕಿಂತ ಹೆಚ್ಚು ಹೀಗೇ ಇದೆ, ನಿದ್ದೆ ಹಸಿವು ಕೆಟ್ಟಿದೆ, ಸಾಯಬೇಕು ಅನಿಸುತ್ತಿದೆ ಅಂದರೆ ಅದು ಖಿನ್ನತೆ ಇರಬಹುದು. ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಡಾಕ್ಟರ್ ಹತ್ತಿರ ಹೋಗೋದು ದೇವರನ್ನು ನಂಬದೇ ಇದ್ದ ಹಾಗಲ್ಲ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಸಾಯಬೇಕು ಅನ್ನೋ ಯೋಚನೆ ಬರ್ತಿದ್ದರೆ ನಾಳೆ ಅಂತ ಕಾಯಬೇಡಿ, ಈಗಲೇ ಮಾಡಿ. ಹತ್ತಿರ ಇರುವ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ.

ಕೊನೆಗೆ, ನಮ್ಮ ಕೇಳುಗರು ನನಗಾಗಿ ಒಂದು ಪ್ರಾರ್ಥನೆ ಮಾಡ್ತೀರಾ ಅಂತ ಕೇಳಿದ್ದರು. ಅದಕ್ಕೇ ಇದನ್ನು ಬರೆದುಕೊಂಡು ಬಂದೆ. ಬೇಕಾದವರು ಜೊತೆಗೆ ಹೇಳಿಕೊಳ್ಳಿ, ಬೇಡದವರು ಸುಮ್ಮನೆ ಕೇಳಿ.

ಕರ್ತನೇ, ಹೇಳಲು ನನ್ನಲ್ಲಿ ಏನೂ ಇಲ್ಲ. ಖಾಲಿ ಕೈಯಲ್ಲಿ ಬಂದಿದ್ದೇನೆ. ನೀನು ಹತ್ತಿರ ಇದ್ದೀಯ ಅಂತ ನನಗೆ ಅನಿಸುತ್ತಿಲ್ಲ, ಆದರೂ ನಿನ್ನ ಹತ್ತಿರವೇ ಹೇಳುತ್ತಿದ್ದೇನೆ. ಗಿಡದ ಕೆಳಗೆ ಮಲಗಿದ್ದವನನ್ನು ಬೈಯದೆ ಊಟ ಕೊಟ್ಟೆಯಲ್ಲ, ನನಗೂ ಇವತ್ತಿನ ರೊಟ್ಟಿ, ಇವತ್ತಿನ ನಿದ್ದೆ ಕೊಡು. ನಾನು ಹೇಳಲಾಗದ್ದನ್ನು ನೀನೇ ಕೇಳಿಸಿಕೋ. ನನ್ನನ್ನು ಹೊರುವ ನಾಲ್ಕು ಜನರನ್ನು ಕಳಿಸು. ನಾಳಿನದು ನಾಳೆಗೆ ಇರಲಿ. ಆಮೆನ್.

ನಿಮಗೂ ಇಂಥ ದಿನಗಳು ಬಂದಿದ್ದರೆ ವಾಯ್ಸ್ ಮೆಸೇಜ್ ಕಳಿಸಿ, ಹೆಸರು ಹೇಳಲೇಬೇಕು ಅಂತಿಲ್ಲ. ಇವತ್ತು ಊಟ ಮಾಡದೇ ಕೇಳ್ತಾ ಇದ್ದರೆ, ಫೋನ್ ಪಕ್ಕಕ್ಕಿಟ್ಟು ಮೊದಲು ಊಟ ಮಾಡಿ. ಮುಂದಿನ ವಾರ ಸಿಗೋಣ. ನಮಸ್ಕಾರ.