ಮುತ್ಯಾ ಹುಟ್ಟಿದ ತಾರೀಖು ಎಲ್ಲಿ ಸಿಕ್ಕೀತು?

ಅಫಜಲಪುರ ಸೀಮೆಯ ಯಾವುದೇ ಹಳ್ಳಿಯ ಕಟ್ಟೆಯ ಮೇಲೆ ಕುಳಿತ ಮುತ್ಯಾನನ್ನು ‘ನೀವು ಹುಟ್ಟಿದ್ದು ಯಾವಾಗ?’ ಎಂದು ಕೇಳಿ ನೋಡಿ. ‘ರಜಾಕಾರರ ಗದ್ದಲದಾಗ ನಾ ತೊಟ್ಟಿಲ ಕೂಸು’ ಎಂಬಂಥ ಉತ್ತರ ಬರುತ್ತದೆ, ತಾರೀಖು ಬರುವುದಿಲ್ಲ. ಶಾಲೆಯ ದಾಖಲೆ ತೆಗೆಸಿದರೆ ಅಲ್ಲಿ ಜೂನ್ 1 ಎಂದಿರುತ್ತದೆ. ಅವರ ಓರಗೆಯವರ ಪೈಕಿ ಎಷ್ಟೋ ಮಂದಿ ಜೂನ್ 1ರಂದೇ ಹುಟ್ಟಿದವರು! ಶಾಲೆಗೆ ಹೆಸರು ಹಚ್ಚುವಾಗ ವಯಸ್ಸು ಕೂಡಿಬರಲೆಂದು ಮಾಸ್ತರರು ಬರೆದುಕೊಂಡ ದಿನವದು.

ಇದು ಬರೀ ಕುತೂಹಲದ ಮಾತಲ್ಲ. ಮುತ್ಯಾನ ಹೆಸರಿನಲ್ಲಿರುವ ಹೊಲ ಮೊಮ್ಮಕ್ಕಳ ಹೆಸರಿಗೆ ಪೌತಿ ಖಾತೆಯಾಗಬೇಕಾದರೆ ವಂಶವೃಕ್ಷ ಬೇಕು. ಸಂವಿಧಾನದ 371(ಜೆ) ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದ ಸ್ಥಳೀಯರೆಂಬ ಪ್ರಮಾಣಪತ್ರ ಪಡೆಯಲು ತನ್ನದೋ ತಂದೆ-ತಾಯಿಯದೋ ಹುಟ್ಟಿನ ಇಲ್ಲವೆ ವಾಸದ ದಾಖಲೆ ತೋರಿಸಬೇಕು. ಆಗ ಶುರುವಾಗುತ್ತದೆ ಹುಡುಕಾಟ.

ಜನನ-ಮರಣ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕೂ ಹಿಂದೆ ಹೋದರೆ ನಾವು ನಿಜಾಮರ ರಾಜ್ಯದಲ್ಲಿರುತ್ತೇವೆ. 1948ರ ಸೆಪ್ಟೆಂಬರಿನವರೆಗೆ ಗುಲಬರ್ಗಾ ಜಿಲ್ಲೆಯ ಕಾಗದಪತ್ರ ಬಹುಪಾಲು ಉರ್ದುವಿನಲ್ಲಿ, ಇಸವಿ ಫಸಲಿಯಲ್ಲಿ. ಉರ್ದು ಓದಬಲ್ಲವರನ್ನು ಹಿಡಿದು ತಂದರೂ ‘ಖುರ್ದಾದ್ 1350’ ಎಂಬುದು ಒಗಟೇ. ಹೈದರಾಬಾದಿನ ಫಸಲಿ ವರ್ಷದ ಮೊದಲ ತಿಂಗಳಾದ ಆಜೂರ್ ಅಕ್ಟೋಬರ್ ಆರಂಭದಲ್ಲಿ ಬರುತ್ತಿತ್ತು. ಫಸಲಿಗೆ 590 ಕೂಡಿಸಿದರೆ ಆ ವರ್ಷ ಆರಂಭವಾದ ಇಸವಿ ಸಿಗುತ್ತದೆ. ಖುರ್ದಾದ್ ಏಳನೆಯ ತಿಂಗಳಾದ್ದರಿಂದ 591 ಕೂಡಿಸಬೇಕು. ಅಂದರೆ 1941ರ ಏಪ್ರಿಲ್ ಹೊತ್ತು. ಒಂದು ಅಂಕಿ ತಪ್ಪಿದರೆ ಮುತ್ಯಾ ಒಂದು ವರ್ಷ ದೊಡ್ಡವನಾಗುತ್ತಾನೆ.

ತಾರೀಖು ಸಿಕ್ಕರೂ ಹೆಸರು ಸಿಗಬೇಕಲ್ಲ. ನಾಮಕರಣಕ್ಕೆ ಮೊದಲೇ ಬರೆಸಿದ ನೋಂದಣಿಯಲ್ಲಿ ‘ಗಂಡು’, ‘ಹೆಣ್ಣು’ ಎಂದಷ್ಟೇ ಇದ್ದು, ತಂದೆಯ ಹೆಸರಿನಿಂದಲೇ ಕೂಸನ್ನು ಗುರುತಿಸಬೇಕು. ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ನಮ್ಮಲ್ಲಿ ವಾಡಿಕೆ. ಶರಣಪ್ಪನ ಮಗ ಭೀಮರಾಯ, ಭೀಮರಾಯನ ಮಗ ಮತ್ತೆ ಶರಣಪ್ಪ. ಇವರಲ್ಲಿ ಯಾರು ಯಾವ ತಲೆಮಾರು?

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಊರಿನ ವಿಷಯದಲ್ಲಿ. ಚೊಚ್ಚಲ ಬಾಣಂತನ ತವರಿನಲ್ಲಿ. ಆದ್ದರಿಂದ ಹಿರಿಯ ಮಗನ ಜನನ ಅವನ ಊರಿನಲ್ಲಿ ಸಿಗುವುದಿಲ್ಲ, ತಾಯಿಯ ತವರಿನಲ್ಲಿ ಹುಡುಕಬೇಕು. ಭೀಮಾ ನದಿಯಾಚೆಯ ಇಂಡಿಯಿಂದ ಹೆಣ್ಣು ತಂದಿದ್ದರೆ ಆ ಊರು ಆಗ ಬ್ರಿಟಿಷರ ಮುಂಬೈ ಪ್ರಾಂತದ ಬಿಜಾಪುರ ಜಿಲ್ಲೆಯದು. ಅಕ್ಕಲಕೋಟೆ ಕಡೆಯದಾದರೆ ಅದು ಬೇರೊಂದು ಸಂಸ್ಥಾನ, ಈಗ ಮಹಾರಾಷ್ಟ್ರ. ಒಂದೇ ಮನೆಯ ಅಣ್ಣ-ತಮ್ಮಂದಿರ ಹುಟ್ಟು ಎರಡು ಸರ್ಕಾರಗಳ ಪುಸ್ತಕದಲ್ಲಿ, ಎರಡು ಭಾಷೆಯಲ್ಲಿ ಇರಬಹುದು.

ಇಂಥ ಪೇಚಾಟ ನಮಗೊಬ್ಬರಿಗೇ ಅಲ್ಲ. ಅಮೆರಿಕ, ಆಸ್ಟ್ರೇಲಿಯಾಗಳಿಂದ ಪೂರ್ವಜರನ್ನು ಹುಡುಕುತ್ತ ಐರ್ಲೆಂಡಿಗೆ ಬರುವವರಿಗೂ ಇದೇ ಪಾಡು. ಅಲ್ಲಿ ಎಲ್ಲರ ಜನನ ನೋಂದಣಿ ಶುರುವಾದದ್ದು 1864ರಲ್ಲಿ. 1922ರ ಅಂತರ್ಯುದ್ಧದಲ್ಲಿ ಡಬ್ಲಿನ್ ನಗರದ ದಾಖಲೆ ಭಂಡಾರ ಸುಟ್ಟು, ಹಳೆಯ ಜನಗಣತಿಯ ಬಹುಭಾಗ ಬೂದಿಯಾಯಿತು. ಜನನ ನೋಂದಣಿ ಬೇರೆಡೆ ಇದ್ದುದರಿಂದ ಉಳಿಯಿತು. 1901 ಮತ್ತು 1911ರ ಗಣತಿಗಳೂ ಉಳಿದವು. 1864ಕ್ಕೂ ಹಿಂದಿನದಕ್ಕೆ ಅವರು ಚರ್ಚುಗಳ ದೀಕ್ಷಾಸ್ನಾನದ ಪುಸ್ತಕಕ್ಕೆ ಮೊರೆಹೋಗುತ್ತಾರೆ.

ನಮಗೆ ಆ ಪುಸ್ತಕವಿಲ್ಲ, ಆದರೆ ಹೆಳವರಿದ್ದಾರೆ. ಉತ್ತರ ಕರ್ನಾಟಕದಲ್ಲಿ ಸುಗ್ಗಿ ಮುಗಿದ ಮೇಲೆ ಎತ್ತಿನೊಡನೆ ಮನೆಬಾಗಿಲಿಗೆ ಬಂದು, ಮನೆತನದ ಮೂಲ, ಬೆಡಗು, ತಲೆಮಾರುಗಳನ್ನು ಒಂದೇ ಉಸಿರಿಗೆ ಹೇಳುವವರು ಇವರು. ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು, ಕಾಳು-ಬಟ್ಟೆ ಪಡೆದು ಮುಂದಿನ ಮನೆಗೆ ಹೋಗುತ್ತಾರೆ. ಕಚೇರಿಯಲ್ಲಿ ಅವರ ಪುಸ್ತಕವೊಂದೇ ಪುರಾವೆಯಾಗಿ ನಡೆಯುವುದು ಕಷ್ಟ. ಆದರೆ ಯಾವ ಊರಿಗೆ, ಯಾವ ಹೆಸರನ್ನು ಹುಡುಕಿಕೊಂಡು ಹೋಗಬೇಕೆಂಬುದನ್ನು ಅದು ತೋರಿಸಬಲ್ಲದು. ಅವರ ಮಕ್ಕಳು ಈಗ ಬೇರೆ ಕಸುಬು ಹಿಡಿಯುತ್ತಿದ್ದಾರೆ ಎಂಬುದು ಬೇರೆ ಮಾತು.

ಹೆಳವರ ಪುಸ್ತಕದಲ್ಲಿ ಸಾಮಾನ್ಯವಾಗಿ ನಡೆದುಬರುವುದು ಗಂಡಸರ ಸಾಲು. ಮುತ್ಯಾನ ತಾಯಿಯ ಹೆಸರು, ಆಕೆಯ ತವರೂರು ಮನೆಯ ಹಿರಿಯ ಹೆಂಗಸರಿಗೇ ಗೊತ್ತು. ಕಚೇರಿಗೆ ಅರ್ಜಿ ಕೊಡುವ ಮೊದಲು ಅವರನ್ನು ಕೇಳಿ ಬರೆದಿಟ್ಟುಕೊಳ್ಳಬೇಕು.